ಗೊಡ್ಡು ಎನ್ನುವ ಮುನ್ನ

ನಮ್ಮ ನುಡಿಯಲ್ಲಿ ಕೆಲವು ಮಾತುಗಳು ನೋಡಲು ಚಿಕ್ಕವು. ಅವುಗಳ ಪೆಟ್ಟು ಮಾತ್ರ ದೊಡ್ಡದು. 'ಗೊಡ್ಡು' ಎಂಬುದು ಅಂಥ ಮಾತುಗಳಲ್ಲೊಂದು. ಬೇಳೆ ಹಾಕದ ಸಾರು ಗೊಡ್ಡು ಸಾರು, ತಿರುಳಿಲ್ಲದ ಮಾತು ಗೊಡ್ಡು ಹರಟೆ, ಗಬ್ಬ ನಿಲ್ಲದ ಆಕಳು ಗೊಡ್ಡಾಕಳು. ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕೊಟ್ಟಿಗೆಯ ಈ ಮಾತು ಒಮ್ಮೊಮ್ಮೆ ಹೊಸ್ತಿಲು ದಾಟಿ ಒಳಮನೆಗೂ ಬರುತ್ತದೆ. ಮಕ್ಕಳಾಗದ ಸೊಸೆಯ ಮೇಲೆ, ಮುಟ್ಟು ನಿಂತ ಹೆಣ್ಣುಮಗಳ ಮೇಲೆ, 'ಇನ್ನು ಈಕೆಯಿಂದೇನು' ಎಂಬ ಅರ್ಥದಲ್ಲಿ ಬೀಳುತ್ತದೆ. ಹೆಣ್ಣುಜೀವದ ಬೆಲೆಯನ್ನು ಅದರ ಬಸಿರಿನಿಂದಲೇ ಅಳೆಯುವ ಅಳತೆಗೋಲೊಂದು ಈ ಮಾತಿನೊಳಗೆ ಅಡಗಿ ಕುಳಿತಿದೆ.

ವಯಸ್ಸಾದಂತೆ ಹೆಣ್ಣುಜೀವಿಗಳಲ್ಲಿ ಬಸಿರು ನಿಲ್ಲುವ ಶಕ್ತಿ ಏಕೆ ಕುಂದುತ್ತದೆ, ಅದು ಕುಂದುವಾಗ ದೇಹದೊಳಗೆ ನಡೆಯುವುದೇನು ಎಂಬುದನ್ನು ನಮಗೆ ತಿಳಿದಷ್ಟರ ಮಟ್ಟಿಗೆ ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ. ಇದು ವೈದ್ಯರು ಬರೆಯಬೇಕಾದ ವಿಷಯವಲ್ಲವೇ ಎಂದು ಕೆಲವರಿಗೆ ಅನ್ನಿಸೀತು. ಚಿಕಿತ್ಸೆಯ ಮಾತು ವೈದ್ಯರದೇ ಸರಿ. ಆದರೆ ದನಕರು ಕಟ್ಟಿದ ಮನೆಗಳಲ್ಲಿ, ಐವತ್ತರ ಅಂಚಿಗೆ ಬಂದ ತಾಯಂದಿರಿರುವ ಮನೆಗಳಲ್ಲಿ ಇದು ದಿನನಿತ್ಯ ಎದುರಾಗುವ ಪ್ರಶ್ನೆ. ತಿಳಿವಳಿಕೆಯಿಲ್ಲದಲ್ಲಿ ತೀರ್ಪು ಬೇಗ ಹುಟ್ಟುತ್ತದೆ. ಅಂಥ ತೀರ್ಪಿನ ಭಾರವನ್ನು ಹೊರಬೇಕಾದವರು ಮಾತ್ರ ಬಾಯಿಲ್ಲದ ಪಶುಗಳು, ಇಲ್ಲವೇ ಬಾಯಿದ್ದೂ ಮಾತಾಡದ ಹೆಣ್ಣುಮಕ್ಕಳು.

ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಜವಾರಿ ಆಕಳಿತ್ತು. ಮೈಬಣ್ಣ ಕೆಂಪಾದುದರಿಂದ ಅದಕ್ಕೆ ಕೆಂಪಿ ಎಂದೇ ಹೆಸರಾಯಿತು. ಹದಿನಾರು ವರ್ಷಗಳ ಆಯುಷ್ಯದಲ್ಲಿ ಒಂಬತ್ತು ಸೂಲು ಕಂಡ ತಾಯಿ ಅದು. ಒಂಬತ್ತನೆಯ ಕರು ಹಾಲು ಬಿಟ್ಟ ಮೇಲೆ ಅದರ ಬೆದೆ ಹಿಂದುಮುಂದಾಗತೊಡಗಿತು. ಮೊದಲು ಇಪ್ಪತ್ತೊಂದು ದಿನಕ್ಕೆ ತಪ್ಪದೆ ಬರುತ್ತಿದ್ದುದು ಒಮ್ಮೆ ತಿಂಗಳಾಯಿತು, ಒಮ್ಮೆ ಎರಡು ತಿಂಗಳಾಯಿತು. ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ. ಓದು ಪದವಿಗಳಿಲ್ಲದೆ ದನಗಳಿಗೆ ಸೂಜಿಮದ್ದು ಕೊಡುತ್ತಿದ್ದ ಒಬ್ಬರು ಬಂದು, ಇಂತಿಷ್ಟು ರೊಕ್ಕ ಕೊಟ್ಟರೆ ಬೆದೆ ಬರಿಸಿ ಗಬ್ಬ ನಿಲ್ಲಿಸಿಯೇ ತೀರುವೆನೆಂದು ಮಾತು ಕೊಟ್ಟರು. ರೊಕ್ಕ ಹೋಯಿತು, ಗಬ್ಬ ಬರಲಿಲ್ಲ. ಅಷ್ಟರಲ್ಲಿ ಸಂತೆಯ ದಲ್ಲಾಳಿಯೂ ಎರಡು ಸಲ ಬಾಗಿಲಿಗೆ ಬಂದು ಹೋದ.

ಮನೆಯಲ್ಲಿ ಮಾತು ಎರಡಾಯಿತು. ಹೊಲಮನೆಯ ಲೆಕ್ಕ ನೋಡುತ್ತಿದ್ದ ನಮ್ಮ ತಮ್ಮ, "ಕಣಿಕಿ, ಹಿಂಡಿ ಎರಡೂ ತುಟ್ಟಿ ಆಗ್ಯಾವು. ಹಾಲಿಲ್ಲ, ಕರುವಿಲ್ಲ. ಎಷ್ಟು ದಿನ ಅಂತ ಕಟ್ಟಿಕೊಂಡು ಕೂಡೂದು?" ಎಂದ. ಅವನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು, ಬಣವೆ ಅರ್ಧಕ್ಕೆ ಇಳಿದಿತ್ತು. ಅವ್ವ ಹೆಚ್ಚು ಮಾತಾಡುವವರಲ್ಲ. "ಒಂಬತ್ತು ಕೊಟ್ಟಾಳ. ಹತ್ತನೇದು ಕೊಡಲಿಲ್ಲ ಅಂತ ಹಗ್ಗ ಬಿಚ್ಚೂದು ನಮಗ ಒಪ್ಪೂದಿಲ್ಲ" ಎಂದಷ್ಟೇ ಅಂದು ಒಳಗೆ ಹೋದರು.

ಕಡೆಗೆ ಸರಕಾರಿ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿದೆವು. ಅವರು ಕೈಹಾಕಿ ಪರೀಕ್ಷಿಸಿ, ಗರ್ಭಕೋಶದಲ್ಲಿ ಕೀವು ಬಾವುಗಳಿಲ್ಲವೆಂದೂ, ಅಂಡಾಶಯಗಳು ಮಾತ್ರ ಕುಗ್ಗಿ ಸಣ್ಣದಾಗಿವೆಯೆಂದೂ ಹೇಳಿದರು. "ಇದು ರೋಗ ಅಲ್ರಿ, ವಯಸ್ಸು. ಇದಕ್ಕ ಔಷಧ ಬರೆದರ ನಿಮ್ಮ ರೊಕ್ಕ ಹಾಳು" ಎಂಬ ಅವರ ನೇರವಾದ ಮಾತು ನಮ್ಮನ್ನು ಈ ವಿಷಯದ ಓದಿಗೆ ಹಚ್ಚಿತು. ವಯಸ್ಸು ಎಂದರೇನು? ಕಾಲು ಗಟ್ಟಿಯಿದೆ, ಕಣ್ಣು ಕಾಣುತ್ತದೆ, ಮೇವು ತಿನ್ನುತ್ತದೆ. ಇದೊಂದು ಕೆಲಸಕ್ಕೆ ಮಾತ್ರ ಮುಪ್ಪು ಮೊದಲೇ ಬರುವುದೇಕೆ?

ಇದನ್ನು ತಿಳಿಯಲು ಹರೆಯದಲ್ಲಿ ಈ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಮೊದಲು ನೋಡಬೇಕು. ಬಸಿರಿನ ಕಾರ್ಯವೆಲ್ಲ ಹೊಟ್ಟೆಯೊಳಗೆ ನಡೆಯುತ್ತದೆಂದು ನಾವು ತಿಳಿಯುತ್ತೇವೆ. ಅದರ ಯಜಮಾನಿಕೆ ಇರುವುದು ತಲೆಯಲ್ಲಿ. ಮಿದುಳಿನ ತಳಭಾಗದಲ್ಲಿ ಹೈಪೋಥಾಲಮಸ್ ಎಂಬ ಪುಟ್ಟ ಜಾಗವಿದೆ. ಅಲ್ಲಿಂದ ಒಂದು ರಾಸಾಯನಿಕ ಸಂದೇಶ ಅದರ ಕೆಳಗೇ ತೂಗುವ ಪಿಟ್ಯುಟರಿ ಗ್ರಂಥಿಗೆ ಇಳಿಯುತ್ತದೆ. ಪಿಟ್ಯುಟರಿಯು ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯವನ್ನು ಮುಟ್ಟಿದಾಗ, ಅಲ್ಲಿ ಅಂಡವನ್ನು ಒಡಲೊಳಗಿಟ್ಟುಕೊಂಡ ಸಣ್ಣ ಗುಳ್ಳೆಗಳು ಬೆಳೆಯುತ್ತವೆ. ಬೆಳೆಯುವ ಗುಳ್ಳೆಗಳು ಈಸ್ಟ್ರೋಜನ್ ಮತ್ತು ಇನ್‌ಹಿಬಿನ್ ಎಂಬ ಹಾರ್ಮೋನುಗಳ ಮೂಲಕ 'ನಿಮ್ಮ ಮಾತು ಮುಟ್ಟಿತು, ಇನ್ನು ಸಾಕು' ಎಂದು ಮೇಲಕ್ಕೆ ಉತ್ತರ ಕಳಿಸುತ್ತವೆ. ಆಗ ಮೇಲಿನ ಕೂಗು ತಗ್ಗುತ್ತದೆ. ಗುಳ್ಳೆ ಹಣ್ಣಾಗಿ ಈಸ್ಟ್ರೋಜನ್ ಒಂದು ಮಟ್ಟವನ್ನು ಮೀರಿದಾಗ ಮಾತ್ರ ವ್ಯವಹಾರ ತಿರುವು ಪಡೆಯುತ್ತದೆ, ತಗ್ಗಿದ್ದ ಎಲ್.ಎಚ್. ಒಮ್ಮೆಲೇ ಉಕ್ಕಿ ಬರುತ್ತದೆ, ಗುಳ್ಳೆ ಒಡೆದು ಅಂಡ ಹೊರಬೀಳುತ್ತದೆ. ಒಡೆದ ಜಾಗದಲ್ಲಿ ಹುಟ್ಟುವ ಪ್ರೊಜೆಸ್ಟರಾನ್ ಬಸಿರಿಗೆ ಹಾಸಿಗೆ ಹಾಸುತ್ತದೆ. ಒಟ್ಟು ಕುಟುಂಬದಲ್ಲಿ ಹಿರಿಯರ ಮಾತು, ನಡುವಿನವರ ಓಡಾಟ, ಒಳಗಿನವರ ಉತ್ತರ ಇವು ಕೂಡಿ ಮನೆ ನಡೆಯುವಂತೆ ಇದೂ ಒಂದು ಮಾತುಕತೆಯೇ.

ಈ ಮಾತುಕತೆಯನ್ನು ಕೇಳಿಸಿಕೊಳ್ಳಲು ವಿಜ್ಞಾನಿಗಳು ಪಟ್ಟ ಪಾಡು ಸಣ್ಣದಲ್ಲ. ಮಿದುಳಿನ ಆ ಸಂದೇಶ ಎಷ್ಟು ಅಲ್ಪ ಪ್ರಮಾಣದಲ್ಲಿರುತ್ತದೆಂದರೆ, ಅದನ್ನು ಬೇರ್ಪಡಿಸಲು ರೋಜರ್ ಗಿಯೆಮಾಂ ಎಂಬವರು ಕುರಿಗಳ, ಆಂಡ್ರ್ಯೂ ಶಾಲಿ ಎಂಬವರು ಹಂದಿಗಳ ಲಕ್ಷಾಂತರ ಮಿದುಳಿನ ತುಣುಕುಗಳನ್ನು ಸಂಗ್ರಹಿಸಬೇಕಾಯಿತು. 1971ರಲ್ಲಿ ಅದರ ರಚನೆ ತಿಳಿದುಬಂದಾಗ ಅದು ಕೇವಲ ಹತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರವಾಗಿತ್ತು. ಮಿದುಳಿನ ಹಾರ್ಮೋನುಗಳ ಕುರಿತ ಸಂಶೋಧನೆಗಾಗಿ 1977ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅದೇ ಪಾರಿತೋಷಕದ ಅರ್ಧ ಭಾಗ, ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ಬೆಳೆಸಿದ ರೋಸಲಿನ್ ಯಾಲೋ ಎಂಬ ಮಹಿಳೆಗೆ ಸಂದಿತು. ಮರುವರ್ಷ, ಅಂದರೆ 1978ರಲ್ಲಿ, ಅರ್ನ್‌ಸ್ಟ್ ನೋಬಿಲ್ ಮತ್ತು ಸಂಗಡಿಗರು ರೀಸಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಮಿದುಳಿನ ಸಂದೇಶವನ್ನು ಎಡೆಬಿಡದೆ ಹರಿಸಿದರೆ ಪಿಟ್ಯುಟರಿ ಮೂಕವಾಗುತ್ತದೆ. ಗಂಟೆಗೊಮ್ಮೆ ಎಂಬಂತೆ ಬಿಟ್ಟು ಬಿಟ್ಟು ಕೊಟ್ಟರೆ ಮಾತ್ರ ಅದು ಓಗೊಡುತ್ತದೆ ಎಂಬುದು ಆ ಪ್ರಯೋಗದ ಸಾರ. ಗುಡಿಯ ಗಂಟೆ ಹೊತ್ತು ಹೊತ್ತಿಗೆ ಬಾರಿಸಿದರೆ ಕಿವಿಗೊಡುತ್ತೇವೆ. ಹಗಲಿರುಳೂ ಬಾರಿಸುತ್ತಿದ್ದರೆ ಅದು ಕಿವಿಗೆ ಬೀಳುವುದೇ ಇಲ್ಲ, ಅಲ್ಲವೇ?

ಇನ್ನು ಮುಪ್ಪಿನ ಮಾತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವುಗಳಿರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಅಂಡಾಶಯವೂ ಅಂಥದೊಂದು ಹಗೇವು. ಭೇದವೆಂದರೆ ಇದನ್ನು ತುಂಬುವುದು ಒಂದೇ ಸಲ, ಅದೂ ಜೀವಿಯು ತಾಯಿಯ ಹೊಟ್ಟೆಯಲ್ಲಿರುವಾಗ. ಹೆಣ್ಣುಕರು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಅಂಡದ ಗುಳ್ಳೆಗಳಿರುತ್ತವೆ. ಅವುಗಳಲ್ಲಿ ಕರುವಾಗಿ ನೆಲ ಮುಟ್ಟುವವು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಬೆಳೆಯಲು ಹೊರಟು ನಡುದಾರಿಯಲ್ಲಿಯೇ ಸೊರಗಿ ಹೋಗುತ್ತವೆ. ಹದಿನೈದು ವರ್ಷ ದಾಟುವ ಹೊತ್ತಿಗೆ ಆಕಳ ಹಗೇವಿನಲ್ಲಿ ಉಳಿದಿರುವುದು ಕೆಲವೇ ಸಾವಿರ.

ಕೆನಡಾ ದೇಶದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ದೃಷ್ಟಿಯಿಂದ ನಮಗೆ ಬಹಳ ಹಿಡಿಸಿತು. ಅವರು 13–14 ವರ್ಷದ ಮುದಿ ಆಕಳುಗಳನ್ನು ಅವುಗಳದೇ ಎಳೆಯ ಹೆಣ್ಣುಮಕ್ಕಳೊಡನೆ ಹೋಲಿಸಿದರು. ರಕ್ತ ಒಂದೇ, ಮೇವು ಒಂದೇ, ಭೇದ ವಯಸ್ಸಿನದು. ತಾಯಂದಿರ ರಕ್ತದಲ್ಲಿ ಎಫ್.ಎಸ್.ಎಚ್. ಹಾರ್ಮೋನು ಮಗಳಂದಿರಿಗಿಂತ ಹೆಚ್ಚಿತ್ತು. ಆದರೆ ಬೆಳೆಯಲು ಮುಂದೆ ಬಂದ ಗುಳ್ಳೆಗಳ ಸಂಖ್ಯೆ ಕಡಿಮೆಯಿತ್ತು. ಮೊದಲ ನೋಟಕ್ಕೆ ಇದು ಒಗಟಿನಂತೆ ಕಾಣುತ್ತದೆ. ಹಾರ್ಮೋನು ಹೆಚ್ಚಿದ್ದರೆ ಫಲವೂ ಹೆಚ್ಚಬೇಕಲ್ಲವೇ? ಆದರೆ ಮೇಲೆ ಹೇಳಿದ ಮಾತುಕತೆಯನ್ನು ನೆನೆದರೆ ಒಗಟು ತಾನೇ ಬಿಡುತ್ತದೆ. ಕೆಳಗಿನಿಂದ 'ಸಾಕು' ಎನ್ನುವ ದನಿ ಕ್ಷೀಣವಾದುದರಿಂದ ಮೇಲಿನವರು ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದಾರೆ. ಅದು ಶಕ್ತಿಯ ಗುರುತಲ್ಲ, ಉತ್ತರ ಬಾರದ ಕೂಗು. ಮುಂದೆ ಅದೇ ತಂಡದವರು ಹೊರಗಿನಿಂದ ಹಾರ್ಮೋನು ಕೊಟ್ಟು ನೋಡಿದಾಗಲೂ ಮುದಿ ಆಕಳುಗಳಿಂದ ದೊರೆತ ಭ್ರೂಣಗಳು ಮಗಳಂದಿರದಕ್ಕಿಂತ ಕಡಿಮೆಯೇ ಆಗಿದ್ದವು.

ಇದನ್ನು ಓದಿದಾಗ ಕೆಂಪಿಗೆ ಕೊಟ್ಟ ಸೂಜಿಗಳು ಏಕೆ ಕೆಲಸ ಮಾಡಲಿಲ್ಲವೆಂಬುದು ನಮಗೆ ತಿಳಿಯಿತು. ಹಗೇವಿನಲ್ಲಿ ಕಾಳು ತೀರಿದಾಗ ಬಾಯಲ್ಲಿ ನಿಂತು ಎಷ್ಟು ಕೂಗಿದರೂ ಜೋಳ ಮೇಲೆ ಬರುವುದಿಲ್ಲ. ಈ ಸಂಗತಿಯನ್ನು ತಮ್ಮನಿಗೂ ಅವ್ವನಿಗೂ ವಿವರಿಸಿದೆವು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಇನ್ನು ಸೂಜಿ ಬ್ಯಾಡ. ಆ ರೊಕ್ಕದಾಗ ಕಣಿಕಿ ಬರತೈತಿ" ಎಂದ. ಲೆಕ್ಕದ ಮನುಷ್ಯ ಲೆಕ್ಕದ ದಾರಿಯಿಂದಲೇ ಅವ್ವನ ಮಾತಿಗೆ ಬಂದು ಸೇರಿದ. ಕೆಂಪಿ ಮುಂದೆ ಎರಡು ವರ್ಷ ನಮ್ಮ ಕೊಟ್ಟಿಗೆಯಲ್ಲಿಯೇ ಇದ್ದು ಕಣ್ಣು ಮುಚ್ಚಿತು. ಆ ಎರಡು ವರ್ಷವೂ ತಿಪ್ಪೆಗೆ ಗೊಬ್ಬರ ಕೊಟ್ಟಿತು. ಮೇಯಲು ಹೊರಟ ಎಳೆಯ ಮಣಕಗಳು ಅದರ ಬೆನ್ನು ಹಿಡಿದು ಹೋಗಿ, ಅದರ ಬೆನ್ನು ಹಿಡಿದೇ ಮನೆಗೆ ಬರುತ್ತಿದ್ದವು. ಇದನ್ನು ದೊಡ್ಡಸ್ತಿಕೆಗಾಗಿ ಬರೆಯುತ್ತಿಲ್ಲ. ಮಳೆಯನ್ನೇ ನಂಬಿದ ಬೇಸಾಯದ ಮನೆಗೆ ಹಾಲು ಕೊಡದ ಆಕಳನ್ನು ಸಾಕುವುದು ಹಗುರವಾದ ಕೆಲಸವಲ್ಲ. ಎಲ್ಲರಿಗೂ ಅದು ಸಾಧ್ಯವಾಗಲಾರದು. ಸಾಧ್ಯವಾಗದ ಮನೆಯನ್ನು ಹಳಿಯುವ ಅಧಿಕಾರವೂ ನಮಗಿಲ್ಲ. ಆದರೆ ಸಾಧ್ಯವಿರುವಲ್ಲಿ ತಪ್ಪು ತಿಳಿವಳಿಕೆಯಿಂದ ಹಣವೂ ಜೀವವೂ ಹಾಳಾಗಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಗಬ್ಬ ನಿಲ್ಲದ ಆಕಳೆಲ್ಲವೂ ಮುದಿಯಾದವಲ್ಲ. ನಾಲ್ಕೈದು ವರ್ಷದ ಆಕಳು ಬೆದೆಗೆ ಬಾರದಿದ್ದರೆ ಅಥವಾ ಪದೇ ಪದೇ ತಿರುಗಿ ಬೆದೆಗೆ ಬಂದರೆ ಅದಕ್ಕೆ ಮೇವಿನ ಕೊರತೆ, ಲವಣಾಂಶಗಳ ಕೊರತೆ, ಗರ್ಭಕೋಶದ ಸೋಂಕು, ಬೆದೆಯ ಹೊತ್ತನ್ನು ಗುರುತಿಸದೆ ತಡಮಾಡಿದುದು ಮೊದಲಾದ ಕಾರಣಗಳಿರುತ್ತವೆ. ಎಮ್ಮೆಗಳಲ್ಲಂತೂ ಬೆದೆಯ ಲಕ್ಷಣ ಹೊರಗೆ ಕಾಣದೆಯೇ ಹೋಗುವುದುಂಟು. ಇವುಗಳಲ್ಲಿ ಬಹಳಷ್ಟಕ್ಕೆ ಪರಿಹಾರವಿದೆ. ಆದುದರಿಂದ ಗೊಡ್ಡೆಂದು ತೀರ್ಮಾನಿಸುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದು ವಿವೇಕ.

ಆಕಳ ವಿಷಯದಲ್ಲಿ ಬರಿದಾಗುವುದು ಕೆಳಗಿನ ಹಗೇವು. ಆದರೆ ಎಲ್ಲ ಪ್ರಾಣಿಗಳಲ್ಲಿಯೂ ಹೀಗೆಯೇ ಎಂದು ತಿಳಿಯಬಾರದು. ಹೆಣ್ಣು ಇಲಿಗೆ ನಾಲ್ಕೈದು ದಿನಗಳಿಗೊಮ್ಮೆ ಬೆದೆ ಬರುತ್ತದೆ; ಒಂದು ವರ್ಷದ ಪ್ರಾಯ ಸಮೀಪಿಸಿದಾಗ ಅದು ಏರುಪೇರಾಗುತ್ತದೆ. ಎಲ್.ಎಚ್. ಉಕ್ಕಿ ಬರುವುದು ತಡವಾಗಿ, ಕುಗ್ಗಿ, ಕಡೆಗೆ ನಿಂತೇಹೋಗುತ್ತದೆ. ಗುಳ್ಳೆಗಳು ಬೆಳೆದು ನಿಂತಿದ್ದರೂ ಒಡೆಯುವುದಿಲ್ಲ. ವಿಚಿತ್ರವೆಂದರೆ ಆಗಲೂ ಅದರ ಅಂಡಾಶಯದಲ್ಲಿ ಅಂಡಗಳಿಗೆ ಕೊರತೆಯಿರುವುದಿಲ್ಲ. 1960 ಮತ್ತು 1970ರ ದಶಕಗಳಲ್ಲಿ ವಿಜ್ಞಾನಿಗಳು ಎಳೆಯ ಇಲಿಯ ಅಂಡಾಶಯವನ್ನು ಮುದಿ ಇಲಿಗೆ ಕಸಿ ಮಾಡಿದರು. ಬೆದೆಯ ಚಕ್ರ ಮರಳಲಿಲ್ಲ. ಮುದಿ ಇಲಿಯ ಅಂಡಾಶಯವನ್ನು ಎಳೆಯ ಇಲಿಗೆ ಕಸಿ ಮಾಡಿದರು. ಅನೇಕ ಇಲಿಗಳಲ್ಲಿ ಚಕ್ರ ಮತ್ತೆ ತಿರುಗಿತು! ಅಂದರೆ ಅಲ್ಲಿ ಮುಪ್ಪು ಬಂದುದು ಹಗೇವಿಗಲ್ಲ, ಯಜಮಾನನಿಗೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಮೈಟಿಸ್ ಎಂಬವರ ತಂಡ ಎಲ್-ಡೋಪಾ ಎಂಬ, ಮಿದುಳಿನ ಮೇಲೆ ಪರಿಣಾಮ ಬೀರುವ ಔಷಧವನ್ನು ಕೊಟ್ಟು, ನಿಂತುಹೋಗಿದ್ದ ಬೆದೆಯನ್ನು ಮುದಿ ಇಲಿಗಳಲ್ಲಿ ಮತ್ತೆ ಬರಿಸಿ ತೋರಿಸಿತು.

ಮನೆಯ ನಾಯಿಯದು ಇನ್ನೊಂದು ಬಗೆ. ಹೆಣ್ಣುನಾಯಿಗೆ ಋತುಬಂಧವೆಂಬುದಿಲ್ಲ, ವಯಸ್ಸಾದಂತೆ ಬೆದೆಯ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ, ಅಷ್ಟೆ. ಬಸಿರಾಗಲಿ ಬಿಡಲಿ, ಪ್ರತಿಯೊಂದು ಬೆದೆಯ ತರುವಾಯ ಸುಮಾರು ಎರಡು ತಿಂಗಳು ಅದರ ರಕ್ತದಲ್ಲಿ ಪ್ರೊಜೆಸ್ಟರಾನ್ ಏರಿರುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಗರ್ಭಕೋಶದ ಒಳಪದರ ದಪ್ಪಗಾಗಿ, ಮುದಿ ನಾಯಿಗಳಲ್ಲಿ ಕೀವು ತುಂಬುವ ಅಪಾಯ ಬಹಳ. ಬೆದೆ ಮುಗಿದ ಕೆಲವು ವಾರಗಳಲ್ಲಿ ನಾಯಿ ಅತಿಯಾಗಿ ನೀರು ಕುಡಿಯುತ್ತ, ಅನ್ನ ಬಿಟ್ಟು ಮಂಕಾಗಿ ಮಲಗಿದರೆ ಅದನ್ನು ಮುಪ್ಪೆಂದು ಕಡೆಗಣಿಸದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಹೀಗೆ ಒಂದೇ ಮುಪ್ಪು ಒಂದೊಂದು ಒಡಲಿನಲ್ಲಿ ಒಂದೊಂದು ದಾರಿ ಹಿಡಿಯುತ್ತದೆ. ಮನುಷ್ಯರಲ್ಲಿ ಅದು ಹೇಗೆಂಬುದನ್ನು ನೋಡೋಣ. ಹೆಣ್ಣುಮಗು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಅಂಡದ ಗುಳ್ಳೆಗಳನ್ನು ತಂದಿರುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಬಾಳಿನುದ್ದಕ್ಕೂ ಹೊರಬೀಳುವ ಅಂಡಗಳು ನಾನೂರು ಐನೂರು ಮಾತ್ರ. ಉಳಿದ ಗುಳ್ಳೆಗಳು ಸಾವಿರದಷ್ಟಕ್ಕೆ ಇಳಿದಾಗ ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ಸುಮಾರಿಗೆ ಆಗುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ, ಎಫ್.ಎಸ್.ಎಚ್. ಆಕಳ ವಿಷಯದಲ್ಲಿ ಕಂಡಂತೆಯೇ, ಅದಕ್ಕಿಂತಲೂ ಬಹುಪಾಲು ಎತ್ತರಕ್ಕೆ ಏರುತ್ತದೆ.

ಆ ದಿನಗಳಲ್ಲಿ ಅನೇಕ ತಾಯಂದಿರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬೆಂಕಿಯ ಜಳ ಏರಿದಂತಾಗಿ ಬೆವರು ಸುರಿಯುತ್ತದೆ. ನಮ್ಮ ಅತ್ತಿಗೆಯವರು ಎರಡು ವರ್ಷ ಚಳಿಗಾಲದ ರಾತ್ರಿಗಳಲ್ಲಿಯೂ ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಕೇಳಿದವರಿಗೆ 'ನಿದ್ದಿ ಹತ್ತವಲ್ದು' ಎನ್ನುತ್ತಿದ್ದರು. ನೆರೆಹೊರೆಯವರು ಗಾಳಿಸೋಕೆಂದರು, ಮನೆಯವರು ಸಿಟ್ಟಿನ ಸ್ವಭಾವವೆಂದರು. ಅದು ಎರಡೂ ಅಲ್ಲ. ಹೈಪೋಥಾಲಮಸಿನಲ್ಲಿ ಗಂಟೆಗೊಮ್ಮೆ ಸಂದೇಶದ ಗಂಟೆ ಬಾರಿಸುವ ನರಕೋಶಗಳ ಒಂದು ಗುಂಪಿದೆ. ಅದಕ್ಕೂ ಮೈಯ ಕಾವನ್ನು ಕಾಯುವ ಭಾಗಕ್ಕೂ ನರಗಳ ನಂಟಿದೆ. ಈಸ್ಟ್ರೋಜನ್ನಿನ ಉತ್ತರ ನಿಂತಾಗ ಆ ನರಕೋಶಗಳು ದಪ್ಪಗಾಗಿ ಅತಿಯಾಗಿ ಕೆಲಸ ಮಾಡುತ್ತವೆ. ಋತುಬಂಧವಾದ ಮಹಿಳೆಯರ ಮಿದುಳಿನಲ್ಲಿ ಈ ಬದಲಾವಣೆಯನ್ನು 1990ರ ಸುಮಾರಿಗೆ ತೋರಿಸಿಕೊಟ್ಟವರು ನವೋಮಿ ರಾನ್ಸ್ ಎಂಬ ವಿಜ್ಞಾನಿ. ಮುಂದೆ ಈ ತಿಳಿವಳಿಕೆಯ ಎಳೆ ಹಿಡಿದೇ ಫೆಜೊಲಿನೆಟಾಂಟ್ ಎಂಬ ಔಷಧ ಸಿದ್ಧವಾಗಿ, 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಎಲ್ಲರಿಗೂ ಔಷಧ ಬೇಕೆಂದು ನಾವು ಹೇಳುವುದಿಲ್ಲ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ಆದರೆ ಅತ್ತಿಗೆಯವರ ಜಳ ಮನಸ್ಸಿನ ಕಲ್ಪನೆಯಾಗಿರಲಿಲ್ಲ, ಮಿದುಳಿನೊಳಗೆ ನಿಜವಾಗಿ ನಡೆಯುತ್ತಿದ್ದ ಕಾರ್ಯವಾಗಿತ್ತು ಎಂಬುದನ್ನು ಮನೆಮಂದಿ ತಿಳಿದರೂ ಅರ್ಧ ಉಪಶಮನವಾದಂತೆ.

ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿದ ಮನೆತನಗಳಲ್ಲಿ, ಅದು ನಿಲ್ಲುವ ಮಾತನ್ನು ಮಾತ್ರ ಪಿಸುಗುಟ್ಟುವುದೇಕೆ? ಈಸ್ಟ್ರೋಜನ್ ಇಳಿದಾಗ ಎಲುಬು ಸವೆಯುವುದು ವೇಗಗೊಳ್ಳುತ್ತದೆ. ಮಣಿಕಟ್ಟು, ಬೆನ್ನು, ಸೊಂಟದ ಎಲುಬುಗಳು ಸಣ್ಣ ಪೆಟ್ಟಿಗೂ ಮುರಿಯಬಲ್ಲವು. ಹಾಲು, ರಾಗಿ, ಎಳ್ಳು, ಸೊಪ್ಪು, ಬಿಸಿಲು, ನಡಿಗೆ ಇವು ಆಗ ಹೆಚ್ಚು ಬೇಕು. ಒಂದು ವರ್ಷ ಪೂರ್ತಿ ಮುಟ್ಟು ನಿಂತು, ಆಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಎಂದಿಗೂ ಸಹಜವೆಂದು ಬಿಡಬಾರದು. ನಲವತ್ತಕ್ಕೆ ಮೊದಲೇ ಮುಟ್ಟು ನಿಂತರೂ ವೈದ್ಯರನ್ನು ಕಾಣಲೇಬೇಕು. ಸಂಕೋಚದಿಂದ ಮುಚ್ಚಿಟ್ಟು ಜೀವಕ್ಕೆ ಅಪಾಯ ತಂದುಕೊಂಡವರನ್ನು ನಾವು ಕಂಡಿದ್ದೇವೆ.

ಬಸಿರಿನ ಕಾಲ ಮುಗಿದ ಮೇಲೂ ಹೆಣ್ಣುಜೀವ ದೀರ್ಘಕಾಲ ಬಾಳುವುದು ಪ್ರಾಣಿಲೋಕದಲ್ಲಿ ಅಪರೂಪ. ಹಲ್ಲುಳ್ಳ ತಿಮಿಂಗಿಲಗಳ ಐದು ಜಾತಿಗಳಲ್ಲಿ ಅದು ಕಂಡುಬಂದಿದೆ. ಅವುಗಳಲ್ಲೊಂದಾದ ಓರ್ಕಾ ತಿಮಿಂಗಿಲ ನಲವತ್ತರ ಸುಮಾರಿಗೆ ಮರಿಹಾಕುವುದನ್ನು ನಿಲ್ಲಿಸಿ, ಎಂಬತ್ತರವರೆಗೂ ಬಾಳಬಲ್ಲುದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಓರ್ಕಾಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಂಪಿನ ಮುಂದೆ ಈಜಿ ದಾರಿ ತೋರಿಸುವವು ಇಂಥ ಅಜ್ಜಿಯಂದಿರೆಂದೂ, ಸಾಲ್ಮನ್ ಮೀನು ಕಡಿಮೆಯಾದ ಬರಗಾಲದ ವರ್ಷಗಳಲ್ಲಿ ಅವುಗಳ ಮುಂದಾಳುತನ ಇನ್ನೂ ಎದ್ದು ಕಾಣುತ್ತದೆಂದೂ ತಿಳಿದುಬಂದಿತು. ಉಗಾಂಡ ದೇಶದ ಕಿಬಾಲೆ ಅರಣ್ಯದ ಎನ್ಗೋಗೋ ಎಂಬಲ್ಲಿನ ಚಿಂಪಾಂಜಿಗಳ ಮೂತ್ರವನ್ನು ಪರೀಕ್ಷಿಸಿದವರು, ಐವತ್ತರ ಹೊತ್ತಿಗೆ ಅವುಗಳ ಹಾರ್ಮೋನುಗಳೂ ನಮ್ಮ ತಾಯಂದಿರದರಂತೆಯೇ ಬದಲಾಗುತ್ತವೆಂದು 2023ರಲ್ಲಿ ವರದಿ ಮಾಡಿದರು. ಚಿಂಪಾಂಜಿಯ ಮಗಳು ಸಾಮಾನ್ಯವಾಗಿ ಬೇರೆ ಗುಂಪಿಗೆ ಹೊರಟುಹೋಗುವುದರಿಂದ ಅಲ್ಲಿ ಅಜ್ಜಿ ಮೊಮ್ಮಗುವನ್ನು ಸಾಕುವ ಮಾತು ಅಷ್ಟಾಗಿ ಹೊಂದುವುದಿಲ್ಲ. ಆದುದರಿಂದ ಪ್ರಕೃತಿಯು ಈ ಉಳಿದ ಆಯುಷ್ಯವನ್ನು ಇಂತಹುದಕ್ಕೇ ಕೊಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವಂತಿಲ್ಲ.

ಆನೆಯಲ್ಲಿ ನಮ್ಮಂತಹ ಋತುಬಂಧವಿಲ್ಲ; ವಯಸ್ಸಾದಂತೆ ಮರಿಹಾಕುವುದು ವಿರಳವಾಗುತ್ತದೆ. ಆದರೂ ಮ್ಯಾನ್ಮಾರಿನ ನಾಟಾ ಸಾಗಿಸುವ ಆನೆಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮನಮುಟ್ಟುವಂತಿದೆ. ಇಪ್ಪತ್ತು ವರ್ಷಕ್ಕಿಂತ ಚಿಕ್ಕವಳಾದ ತಾಯಾನೆಯ ಬಳಿ ಅಜ್ಜಿಯಾನೆಯೂ ಇದ್ದರೆ, ಮರಿ ಸಾಯುವ ಅಪಾಯ ಎಂಟು ಪಟ್ಟು ಕಡಿಮೆಯಿತ್ತು. ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರುವ ನಮ್ಮ ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ಯಾವ ಗ್ರಂಥವೂ ಕಲಿಸಬೇಕಾಗಿಲ್ಲ.

ಆದರೂ ಬೆಲೆಯ ಮಾತು ಇಲ್ಲಿಗೆ ಮುಗಿಯಬಾರದೆಂದು ನಮ್ಮ ಎಣಿಕೆ. ಅಜ್ಜಿ ಮೊಮ್ಮಗುವನ್ನು ಸಾಕುವಳೆಂದು ಅಜ್ಜಿಗೆ ಬೆಲೆ, ಮುದಿ ಆಕಳು ಸಗಣಿ ಕೊಡುವುದೆಂದು ಆಕಳಿಗೆ ಬೆಲೆ ಎನ್ನುವುದಾದರೆ, ಅಳತೆಗೋಲು ಬದಲಾಯಿತೇ ಹೊರತು ಅಳೆಯುವ ಚಾಳಿ ಬಿಟ್ಟಂತಾಗಲಿಲ್ಲ. ಒಡಲೊಳಗಿನ ಒಂದು ಮಾತುಕತೆ ತನ್ನ ಕಾಲಕ್ಕೆ ಮುಗಿಯಿತು. ಅದು ಮುಗಿದುದರಿಂದ ಆ ಜೀವದ ಉಸಿರು, ಹಸಿವು, ನೋವು, ನೆನಪು ಯಾವುದೂ ಕಡಿಮೆಯಾಗಲಿಲ್ಲ. ಇಷ್ಟನ್ನು ಒಪ್ಪಿಕೊಂಡರೆ ಗೊಡ್ಡು ಎಂಬ ಮಾತು ಸಾರಿಗೆ ಮಾತ್ರ ಉಳಿದೀತು.

ನಮ್ಮ ಮನೆಗಳಲ್ಲಿ ಐವತ್ತರ ಆಸುಪಾಸಿನ ತಾಯಿ, ಅತ್ತೆ, ಅಕ್ಕ, ಅತ್ತಿಗೆಯರಿದ್ದಾರೆ. ಕೇಳದೆ ಅವರು ಹೇಳುವವರಲ್ಲ. ಇಂದೇ ಒಮ್ಮ ಅವರ ಬಳಿ ಕುಳಿತು, "ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಿ ನೋಡಿರಿ. ಉತ್ತರವನ್ನು ಅವಸರವಿಲ್ಲದೆ ಆಲಿಸಿರಿ.